ಮಾರ್ಕ್ ಹಾಲಿಸ್ (1998): ತಪ್ಪು ವಾಲ್ಯೂಮಿನಲ್ಲಿ ಕೇಳಿದ ಆಲ್ಬಂ

ಬ್ರಿಟನ್ನಿನ ಟಾಕ್ ಟಾಕ್ ಬ್ಯಾಂಡಿನ ಗಾಯಕರಾಗಿದ್ದ ಮಾರ್ಕ್ ಹಾಲಿಸ್ ತಮ್ಮದೇ ಹೆಸರಿನಲ್ಲಿ ಹೊರತಂದ ಏಕೈಕ ಸೋಲೋ ಆಲ್ಬಂ ಇದು. ಬಂದಾಗ ಹೆಚ್ಚು ಮಾರಾಟವಾಗಲಿಲ್ಲ. ಆ ಬ್ಯಾಂಡಿನ ಜನಪ್ರಿಯ ಹಾಡು ‘ಇಟ್ಸ್ ಮೈ ಲೈಫ್’ ತರಹದ್ದನ್ನು ಬಯಸಿದವರಿಗೆ ಇಲ್ಲಿ ಸಿಂಥಸೈಜರೇ (ಎಲೆಕ್ಟ್ರಾನಿಕ್ ಕೀಬೋರ್ಡ್) ಸಿಗಲಿಲ್ಲ. ಎಲ್ಲವೂ ಅಕೌಸ್ಟಿಕ್, ಅಂದರೆ ವಿದ್ಯುತ್ ಬೇಡದ ವಾದ್ಯಗಳು: ಪಿಯಾನೊ, ಗಿಟಾರ್, ಊದುವಾದ್ಯಗಳಾದ ಕ್ಲಾರಿನೆಟ್, ಬಸೂನ್.

ಇದರ ಜೀವಾಳ ರೆಕಾರ್ಡಿಂಗ್. ಕೋಣೆಯ ಮುಂಭಾಗದಲ್ಲಿ ಎರಡೇ ಮೈಕು, ವಾದಕರು ಬೇರೆಬೇರೆ ದೂರದಲ್ಲಿ. ಹಾಗಾಗಿ ಯಾವ ವಾದ್ಯ ಹತ್ತಿರ, ಯಾವುದು ಹಿಂದೆ ಎಂಬುದು ಕಿವಿಗೇ ತಿಳಿಯುತ್ತದೆ. ಉಸಿರೂ ಕುರ್ಚಿಯ ಕಿರುಗುಟ್ಟುವಿಕೆಯೂ ಕೇಳುತ್ತವೆ.

ಮೊದಲ ಹಾಡು ಶುರುವಾಗುವುದೇ ಸುಮಾರು 20 ಸೆಕೆಂಡಿನ ಮೌನದಿಂದ. ಪ್ಲೇಯರ್ ಕೆಟ್ಟಿತೆಂದು ವಾಲ್ಯೂಮ್ ಏರಿಸಬೇಡಿ; ಪಿಯಾನೊ ಬಂದಮೇಲೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಬಸ್ಸಿನಲ್ಲಿ ಕೇಳಿದರೆ ಅರ್ಧ ಆಲ್ಬಂ ಗದ್ದಲದಲ್ಲಿ ಮುಳುಗುತ್ತದೆ.

8 ನಿಮಿಷ ಮೀರುವ ‘ಎ ಲೈಫ್ (1895–1915)’ ಆಲ್ಬಮ್ಮಿನ ಶಿಖರ. ಮೊದಲ ಮಹಾಯುದ್ಧ ನುಂಗಿದ ಬದುಕೊಂದು. ಊದುವಾದ್ಯಗಳು ಒಂದೊಂದಾಗಿ ಸೇರಿ, ಮತ್ತೆ ಸಡಿಲವಾಗುವ ರಚನೆ ಅದ್ಭುತ. ಕೊರತೆಯೂ ಇದೆ: ಹಾಲಿಸ್ ಪದಗಳನ್ನು ನುಂಗಿ ಹಾಡುತ್ತಾರೆ. ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳಿ. ಮೊದಲ ಸಲ ಕೇಳುವವರು ‘ದ ಡೈಲಿ ಪ್ಲಾನೆಟ್’ನಿಂದ ಶುರುಮಾಡಬಹುದು, ಅದರಲ್ಲಿ ಲಯ ಗಟ್ಟಿಯಾಗಿದೆ.