ವಾಲ್ವ್ ರೇಡಿಯೋದಲ್ಲಿ ಶಾರ್ಟ್‌ವೇವ್ ಸಣ್ಣಗೆ ಬರ್ತಿದೆಯಾ? ಮೊದಲು ಕೋರ್ ತಿರುಗಿಸಲು ಯಾರಿಗೂ ಬಿಡಬೇಡಿ

ಹಳೇ ವಾಲ್ವ್ ರೇಡಿಯೋ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಶಾರ್ಟ್‌ವೇವ್‌ನಲ್ಲಿ ಸ್ಟೇಷನ್‌ಗಳು ಸಣ್ಣಗೆ ಬರುತ್ತಿವೆ, ಬರೀ ಸುಯ್ ಅನ್ನುವ ಸದ್ದೇ ಜಾಸ್ತಿ ಅಂತ ಸೆಟ್ಟನ್ನು ರಿಪೇರಿಗೆ ಕೊಡುವ ಮುಂಚೆ ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡಿ. ವೋಲ್ಟೇಜ್ ಎಲ್ಲ ಅಳೆದು ನೋಡುವ ತನಕ ಐಎಫ್ ಕ್ಯಾನ್‌ಗಳ ಕೋರ್ ಮುಟ್ಟಬಾರದು, ಟ್ರಿಮ್ಮರ್ ಮುಟ್ಟಬಾರದು. ಐಎಫ್ ಕ್ಯಾನ್ ಅಂದರೆ ಯಾವ ಸ್ಟೇಷನ್ ಆದರೂ ಅದನ್ನು ಒಂದೇ ಗೊತ್ತಾದ ಫ್ರೀಕ್ವೆನ್ಸಿಗೆ (ಇಂಟರ್ಮೀಡಿಯೆಟ್ ಫ್ರೀಕ್ವೆನ್ಸಿ, ಅದೇ ಐಎಫ್) ತಂದ ಮೇಲೆ ಆರಿಸುವ ಕಾಯಿಲ್‌ಗಳ ಡಬ್ಬಿ, ಕೋರ್ ಅಂದರೆ ಆ ಕಾಯಿಲ್ ಹೊಂದಿಸುವ ತಿರುಪು, ಟ್ರಿಮ್ಮರ್ ಅಂದರೆ ಟ್ಯೂನಿಂಗ್ ಹೊಂದಿಸುವ ಪುಟ್ಟ ಕಂಡೆನ್ಸರ್. ನಮ್ಮ ಸೆಟ್ಟಿನಲ್ಲಿ ಇದ್ದ ದೋಷ ಚಿಕ್ಕದು. ರಿಪೇರಿ ಹೆಸರಿನಲ್ಲಿ ಆದ ಹಾನಿ ಅದಕ್ಕಿಂತ ಎಷ್ಟೋ ದೊಡ್ಡದು.

ನಮ್ಮದು ಐದು ವಾಲ್ವ್‌ನ ಎಸಿ ಸೆಟ್. ಒಳಗೆ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಜೊತೆಗೆ ರೆಕ್ಟಿಫೈಯರ್ ಇಝಡ್ 80. ಇದನ್ನು ದೊಡ್ಡಪ್ಪ ತುಂಬಾ ಜೋಪಾನ ಮಾಡಿಕೊಂಡು ಬಂದಿದ್ದರು. ಮೀಡಿಯಂ ವೇವ್ ಗಟ್ಟಿಯಾಗಿ ಬರುತ್ತಿತ್ತು, ಶಾರ್ಟ್‌ವೇವ್ ಮಾತ್ರ ದಿನೇ ದಿನೇ ಮಂಕಾಗಿ, ಕೊನೆಗೆ ರಾತ್ರಿ ಹೊತ್ತು ಕೂಡ ಒಂದೆರಡು ಸ್ಟೇಷನ್ ಬಿಟ್ಟರೆ ಏನೂ ಸಿಗದ ಹಾಗಾಯಿತು. ವಾಲ್ವ್ ಸೆಟ್‌ಗಳಲ್ಲಿ ಪಳಗಿದವರು ಅಂತ ಹೇಳಿಕೊಳ್ಳುವ ರಿಪೇರಿಯವರೊಬ್ಬರ ಕೈಗೆ ಸೆಟ್ ಹೋಯಿತು.

ಅವರು ಮಾಡಿದ್ದು ಇಷ್ಟು. ಮೀಟರ್ ಹಚ್ಚಲಿಲ್ಲ, ಗೊತ್ತಾದ ಫ್ರೀಕ್ವೆನ್ಸಿಯ ಸಿಗ್ನಲ್ ಕೊಡುವ ಸಿಗ್ನಲ್ ಜನರೇಟರ್ ಹಚ್ಚಲಿಲ್ಲ. ಸುಮ್ನೆ ಒಂದು ಕಬ್ಬಿಣದ ಸ್ಕ್ರೂಡ್ರೈವರ್ ಹಿಡಿದು ಎರಡೂ ಐಎಫ್ ಕ್ಯಾನ್‌ಗಳ ಕೋರ್‌ಗಳನ್ನು ಕಿವಿಯಲ್ಲಿ ಕೇಳಿಕೊಂಡೇ ತಿರುಗಿಸಿದರು. ಫ್ಯಾಕ್ಟರಿಯಲ್ಲಿ ಹಾಕಿದ್ದ ಮೇಣದ ಸೀಲ್ ಒಡೆದು, ಒಂದು ಕೋರ್ ಒಳಗೇ ಬಿರುಕು ಬಿಟ್ಟು ಸಿಕ್ಕಿಕೊಂಡಿತು. ಅಲ್ಲಿಗೂ ನಿಲ್ಲಲಿಲ್ಲ. ಶಾರ್ಟ್‌ವೇವ್ ಟ್ರಿಮ್ಮರ್‌ಗಳನ್ನೂ ತಿರುಗಿಸಿದರು. ಆಮೇಲೆ ‘ಕನ್ವರ್ಟರ್ ವಾಲ್ವ್ ಹೋಗಿದೆ ಸರ್’ ಅಂತ ಹೇಳಿ ಇಸಿಎಚ್ 81 (ಸ್ಟೇಷನ್‌ನ ಫ್ರೀಕ್ವೆನ್ಸಿಯನ್ನು ಐಎಫ್‌ಗೆ ತರುವ ವಾಲ್ವ್ ಇದೇ) ಬದಲಾಯಿಸಿದರು, ಹಳೆಯದನ್ನು ವಾಪಸ್ ಕೊಡಲೇ ಇಲ್ಲ. ಸೆಟ್ ಮನೆಗೆ ಬಂದಾಗ ಶಾರ್ಟ್‌ವೇವ್ ಮೊದಲಿನಷ್ಟೂ ಇರಲಿಲ್ಲ, ಚೆನ್ನಾಗಿದ್ದ ಮೀಡಿಯಂ ವೇವ್ ಕೂಡ ಸಣ್ಣಗಾಗಿತ್ತು, ಸ್ಟೇಷನ್‌ಗಳ ಮಧ್ಯೆ ಕುಯ್ ಅಂತ ಸಿಳ್ಳೆ, ಡಯಲ್ ಮೇಲಿನ ಗುರುತಿಗೂ ಸ್ಟೇಷನ್ ಸಿಗುವ ಜಾಗಕ್ಕೂ ಸಂಬಂಧವೇ ಇಲ್ಲ.

ಕೊನೆಗೆ ರೇಡಿಯೋ ಹವ್ಯಾಸದ ಹಿರಿಯರೊಬ್ಬರು ನಮ್ಮ ಜೊತೆ ಕೂತು ಸೆಟ್ ನೋಡಿದರು. ಎರಡು ದೋಷ ಸಿಕ್ಕವು, ಎರಡಕ್ಕೂ ಕೋರ್‌ಗಳಿಗೂ ಏನೇನೂ ಸಂಬಂಧ ಇರಲಿಲ್ಲ.

ಮೊದಲನೆಯದು ಏರಿಯಲ್ ಕಾಯಿಲ್. ಸೆಟ್ ಆಫ್ ಮಾಡಿ, ಪ್ಲಗ್ ತೆಗೆದು, ಶಾರ್ಟ್‌ವೇವ್ ಕಾಯಿಲ್‌ನ ಏರಿಯಲ್ ಕಡೆಯ ಸುತ್ತಿನ ಎರಡೂ ತುದಿಗಳಿಗೆ ಮೀಟರ್ ಹಿಡಿದರೆ ಓಪನ್ ತೋರಿಸಿತು. ಅಲ್ಲಿ ಇರುವುದು ಕೆಲವೇ ಸುತ್ತು ತಂತಿ, ಸರಿಯಾಗಿದ್ದರೆ ಒಂದೆರಡು ಓಮ್‌ನಷ್ಟು ಬರಬೇಕು. ಕೂದಲಿನಷ್ಟು ತೆಳ್ಳಗಿನ ತಂತಿ ಟ್ಯಾಗ್‌ಗೆ ಬೆಸುಗೆ ಹಾಕಿದ ಜಾಗದಲ್ಲೇ ತುಂಡಾಗಿತ್ತು. ಹೊರಗಿನ ಏರಿಯಲ್‌ಗೆ ಹತ್ತಿರದಲ್ಲಿ ಸಿಡಿಲು ಹೊಡೆದಾಗಲೂ ಈ ಸುತ್ತೇ ಮೊದಲು ಸುಟ್ಟುಹೋಗುತ್ತದೆ, ಆದ್ದರಿಂದ ಸಣ್ಣ ರಿಸೆಪ್ಷನ್ ಅಂದ ತಕ್ಷಣ ಇದನ್ನು ನೋಡಲೇಬೇಕು. ಒಂದು ಎಚ್ಚರ: ಕೆಲವು ಸೆಟ್‌ಗಳಲ್ಲಿ ಏರಿಯಲ್ ಸಾಕೆಟ್ಟಿಗೆ ಸೀರೀಸ್‌ನಲ್ಲಿ ಒಂದು ಕಂಡೆನ್ಸರ್ ಇರುತ್ತದೆ. ಸಾಕೆಟ್‌ನಿಂದ ಷಾಸಿಗೆ (ಸೆಟ್ಟಿನ ಲೋಹದ ತಳ) ಅಳೆದರೆ ಅದು ಓಪನ್ ಅಂತಲೇ ತೋರಿಸುತ್ತದೆ, ಕಾಯಿಲ್ ಹೋಗಿದೆ ಅಂತ ಗಾಬರಿಯಾಗಬೇಡಿ. ಕಾಯಿಲ್‌ನ ತುದಿಗಳಲ್ಲೇ ಅಳೆಯಿರಿ.

ಎರಡನೆಯದು ಸ್ಕ್ರೀನ್ ಕಂಡೆನ್ಸರ್, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಸಿಎಚ್ 81, ಇಎಫ್ 89 ತರದ ವಾಲ್ವ್‌ಗಳ ಸ್ಕ್ರೀನ್ ಗ್ರಿಡ್‌ಗೆ (ವಾಲ್ವ್ ಒಳಗಿನ ಒಂದು ಜಾಲರಿ, ಇದರ ವೋಲ್ಟೇಜ್ ಇಳಿದರೆ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಶಕ್ತಿ, ಇಳಿಯುತ್ತದೆ) ಸುಮಾರು 85ರಿಂದ 100 ವೋಲ್ಟ್ ಬೇಕು. 250 ವೋಲ್ಟ್‌ನ ಎಚ್‌ಟಿಯಿಂದ (ವಾಲ್ವ್‌ಗಳಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್) ಒಂದು ರೆಸಿಸ್ಟರ್ ಮೂಲಕ ಇಳಿದು ಅದು ಬರುತ್ತದೆ, ಅಲ್ಲಿಂದ ಷಾಸಿಗೆ ಒಂದು ಪೇಪರ್ ಕಂಡೆನ್ಸರ್ ಇರುತ್ತದೆ. ವಯಸ್ಸಾದ ಪೇಪರ್ ಕಂಡೆನ್ಸರ್ ಒಳಗೆ ತೇವ ಸೇರಿ ಲೀಕ್ ಆಗಲು ಶುರುವಾದರೆ ಆ ರೆಸಿಸ್ಟರ್‌ನಲ್ಲಿ ಜಾಸ್ತಿ ಕರೆಂಟ್ ಹರಿದು ಸ್ಕ್ರೀನ್ ವೋಲ್ಟೇಜ್ ಕುಸಿಯುತ್ತದೆ. ಹಳೇ ಕಾರ್ಬನ್ ರೆಸಿಸ್ಟರ್‌ನ ಓಮ್ ಲೆಕ್ಕ ಕಾಲ ಕಳೆದಂತೆ ಏರಿರುವುದೂ ಸಾಮಾನ್ಯ, ಅದರಿಂದಲೂ ಇದೇ ತೊಂದರೆ. ನಮ್ಮ ಸೆಟ್ಟಿನಲ್ಲಿ ಸ್ಕ್ರೀನ್‌ನಲ್ಲಿ ಅರ್ಧದಷ್ಟು ವೋಲ್ಟೇಜ್ ಕೂಡ ಇರಲಿಲ್ಲ. ಸೆಟ್ ಆಫ್ ಮಾಡಿ ಆ ಕಂಡೆನ್ಸರ್‌ನ ಒಂದು ಕಾಲು ಬಿಡಿಸಿ ಮತ್ತೆ ಆನ್ ಮಾಡಿ ಅಳೆದಾಗ ವೋಲ್ಟೇಜ್ ತಟ್ಟನೆ ಮೇಲೇರಿತು. ಅಷ್ಟೇ ಸಾಕು ಗೊತ್ತಾಗಲು.

ಹಾಗಿದ್ದರೆ ಮೀಡಿಯಂ ವೇವ್ ಹೇಗೆ ಗಟ್ಟಿಯಾಗಿ ಬರುತ್ತಿತ್ತು ಅಂತ ಕೇಳಬಹುದು. ಅದಕ್ಕೆ ಕಾರಣ ಎವಿಸಿ, ಅಂದರೆ ಸದ್ದನ್ನು ತಾನಾಗಿಯೇ ಹದದಲ್ಲಿಡುವ ಏರ್ಪಾಡು. ಹತ್ತಿರದ ಬಲವಾದ ಸ್ಟೇಷನ್ ಬಂದಾಗ ಎವಿಸಿ ಸೆಟ್ಟಿನ ಗೇನ್ ತಾನಾಗಿಯೇ ಕಡಿಮೆ ಮಾಡುತ್ತದೆ. ವಾಲ್ವ್‌ಗಳ ಗೇನ್ ಅರ್ಧಕ್ಕೆ ಇಳಿದಿದ್ದರೆ ಎವಿಸಿ ಕಡಿಮೆ ಮಾಡುವುದೂ ಅಷ್ಟು ಕಡಿಮೆಯಾಗುತ್ತದೆ, ಕಿವಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ದೂರದ ಶಾರ್ಟ್‌ವೇವ್ ಸ್ಟೇಷನ್‌ಗಾದರೋ ಇರುವ ಗೇನ್ ಎಲ್ಲವೂ ಬೇಕು. ಮೀಡಿಯಂ ವೇವ್ ಚೆನ್ನಾಗಿದೆ ಅಂದರೆ ಐಎಫ್ ಭಾಗ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಇನ್ನೊಂದು ಮುಖ್ಯ ವಿಷಯ. ಮಲ್ಟಿಮೀಟರ್‌ನ ಓಮ್ ರೇಂಜ್‌ನಲ್ಲಿ ಅಳೆದು ಕಂಡೆನ್ಸರ್ ಸರಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೀಟರ್ ಕೊಡುವುದು ಕೆಲವೇ ವೋಲ್ಟ್. ಲೀಕ್ ಕಾಣಿಸುವುದು ಅದರ ಮೇಲೆ ನೂರಾರು ವೋಲ್ಟ್ ಬಿದ್ದಾಗ. ಅದೇ ಕಾರಣಕ್ಕೆ ಸ್ಪೀಕರ್ ನಡೆಸುವ ಇಎಲ್ 84ರ ಗ್ರಿಡ್‌ಗೆ ಹಿಂದಿನ ವಾಲ್ವ್‌ನಿಂದ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕಂಡೆನ್ಸರ್ ಪೇಪರ್‌ದಾಗಿದ್ದರೆ ಯೋಚನೆ ಮಾಡದೆ 630 ವೋಲ್ಟ್‌ನ ಫಿಲ್ಮ್ ಕಂಡೆನ್ಸರ್ ಹಾಕಿಸಿ. ಅದು ಲೀಕ್ ಆದರೆ ಗ್ರಿಡ್ ಪಾಸಿಟಿವ್ ಆಗಿ ಇಎಲ್ 84 ಕೆಂಪಗೆ ಕಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೂ ಹೋಗಬಹುದು. ಮೈಕಾ ಕಂಡೆನ್ಸರ್‌ಗಳನ್ನು ಮಾತ್ರ ಸುಮ್ಮಸುಮ್ಮನೆ ಕೀಳಬೇಡಿ, ಬಹುತೇಕ ಅವು ಚೆನ್ನಾಗಿಯೇ ಇರುತ್ತವೆ.

ಕನ್ವರ್ಟರ್ ವಾಲ್ವ್ ಹೋಗಿದೆ ಅನ್ನುವ ಮಾತಿಗೂ ಪರೀಕ್ಷೆ ಇದೆ. ಆ ವಾಲ್ವ್‌ನಲ್ಲೇ ಆಸಿಲೇಟರ್, ಅಂದರೆ ಸೆಟ್ ಒಳಗೇ ಒಂದು ಸಿಗ್ನಲ್ ಹುಟ್ಟಿಸುವ ಭಾಗ ಇದೆ, ಅದರ ಗ್ರಿಡ್‌ನಲ್ಲಿ ಕೆಲವು ವೋಲ್ಟ್ ನೆಗೆಟಿವ್ ಇರಬೇಕು. ಡಯಲ್ ಮುಳ್ಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುವಾಗ ಶಾರ್ಟ್‌ವೇವ್‌ನಲ್ಲಿ ಎಲ್ಲಾದರೂ ಆ ವೋಲ್ಟೇಜ್ ಸೊನ್ನೆಗೆ ಬಂದರೆ ಆಸಿಲೇಟರ್ ಅಲ್ಲಿ ನಿಂತುಹೋಗುತ್ತಿದೆ ಅಂತ ಅರ್ಥ, ಆಗ ವಾಲ್ವ್ ಮೇಲೆ ಅನುಮಾನ ಪಡಬಹುದು. ನಮ್ಮ ಸೆಟ್ ಅರ್ಧ ಡಯಲ್‌ನಲ್ಲಿ ಸತ್ತು ಇನ್ನರ್ಧದಲ್ಲಿ ಬದುಕಿರಲಿಲ್ಲ, ಇಡೀ ಬ್ಯಾಂಡ್ ಒಂದೇ ಸಮನಾಗಿ ಸಣ್ಣಗಿತ್ತು. ವಾಲ್ವ್ ಹೋಗಿದೆ ಅಂತ ಹೇಳಲು ಅವರ ಹತ್ತಿರ ಯಾವ ಆಧಾರವೂ ಇರಲಿಲ್ಲ. ದೊಡ್ಡಪ್ಪನ ಆ ಹಳೇ ವಾಲ್ವ್ ಹೋಗಿದ್ದು ನನಗೆ ಈಗಲೂ ಬೇಜಾರು.

ತಂತಿ ಮತ್ತೆ ಬೆಸೆದು, ಕಂಡೆನ್ಸರ್ ರೆಸಿಸ್ಟರ್ ಬದಲಾಯಿಸಿದ್ದು ಸಣ್ಣ ಕೆಲಸ. ಕೋರ್‌ಗಳನ್ನು ಸರಿ ಮಾಡಿದ್ದು ಮಾತ್ರ ದೊಡ್ಡ ಪಾಡು. ಬಿರುಕು ಬಿಟ್ಟ ಕೋರ್ ಹೊರಗೆ ಬರಲೇ ಇಲ್ಲ, ಗುಜರಿ ಸೆಟ್ಟಿನ ಐಎಫ್ ಕ್ಯಾನ್ ಹುಡುಕಿ ಹಾಕಬೇಕಾಯಿತು. ಆಮೇಲೆ ಸಿಗ್ನಲ್ ಜನರೇಟರ್‌ನಿಂದ ಸೆಟ್ಟಿನ ಹಿಂದೆ ಬರೆದಿದ್ದ 455 ಕಿಲೋಹರ್ಟ್ಸ್ ಕೊಟ್ಟು, ಡಿಟೆಕ್ಟರ್ (ಸಿಗ್ನಲ್‌ನಿಂದ ಸದ್ದನ್ನು ಬೇರ್ಪಡಿಸುವ ಭಾಗ) ಕಡೆಯ ಕ್ಯಾನ್‌ನಿಂದ ಶುರುಮಾಡಿ ಹಿಂದಕ್ಕೆ ಬರುತ್ತಾ, ಎವಿಸಿ ಕೆಲಸ ಶುರುಮಾಡದಷ್ಟು ಸಣ್ಣ ಸಿಗ್ನಲ್ ಇಟ್ಟುಕೊಂಡು, ಲೋಹವಲ್ಲದ ಕಡ್ಡಿಯಿಂದ ಒಂದೊಂದೇ ಕೋರನ್ನು ಹೊಂದಿಸಬೇಕಾಯಿತು. ಎಲ್ಲ ಸೆಟ್‌ಗೂ 455 ಅಂತ ತಿಳಿಯಬೇಡಿ, 452, 470 ಇರುವ ಸೆಟ್‌ಗಳೂ ಇವೆ. ಸರ್ಕ್ಯೂಟ್ ಹಾಳೆ ನೋಡದೆ ಯಾರೂ ಕೈ ಹಚ್ಚಬಾರದು.

ಶಾರ್ಟ್‌ವೇವ್ ಟ್ರಿಮ್ಮರ್‌ನಲ್ಲಿ ಇನ್ನೊಂದು ಮೋಸ ಇದೆ. ಅದನ್ನು ತಿರುಗಿಸುವಾಗ ಒಂದೇ ಸ್ಟೇಷನ್ ಎರಡು ಕಡೆ ಕೇಳಿಸುತ್ತದೆ, ಯಾಕೆಂದರೆ ಸ್ಟೇಷನ್ ಮತ್ತು ಆಸಿಲೇಟರ್ ಫ್ರೀಕ್ವೆನ್ಸಿಗಳ ನಡುವಿನ ವ್ಯತ್ಯಾಸವೇ ಐಎಫ್. 15 ಮೆಗಾಹರ್ಟ್ಸ್ ಸಿಗ್ನಲ್‌ಗೆ ಆಸಿಲೇಟರ್ 15.455ರಲ್ಲಿದ್ದರೂ ಐಎಫ್ ಸಿಗುತ್ತದೆ, 14.545ರಲ್ಲಿದ್ದರೂ ಸಿಗುತ್ತದೆ. ಹೆಚ್ಚಿನ ಸೆಟ್‌ಗಳಲ್ಲಿ ಮೇಲಿನದೇ ಸರಿ, ಅಂದರೆ ಟ್ರಿಮ್ಮರ್ ಹೆಚ್ಚು ಸಡಿಲವಾಗಿರುವ ಜಾಗ. ನಮ್ಮ ರಿಪೇರಿಯವರು ಕೆಳಗಿನದಕ್ಕೆ ನಿಲ್ಲಿಸಿದ್ದರು. ಡಯಲ್ ಅಸ್ತವ್ಯಸ್ತ ಆಗಿದ್ದೂ, ಏರಿಯಲ್ ಸರ್ಕ್ಯೂಟ್ ಒಂದು ಕಡೆ ಆಸಿಲೇಟರ್ ಇನ್ನೊಂದು ಕಡೆ ಎಳೆದು ಸದ್ದು ಇನ್ನೂ ಸಣ್ಣಗಾಗಿದ್ದೂ ಇದರಿಂದಲೇ.

ಸೆಟ್ ಬಿಚ್ಚುವ ಮುಂಚೆ ಹೊರಗಿನ ಕಾರಣಗಳನ್ನೂ ನೋಡಿ. ಮನೆಯ ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್‌ಗಳು ಶಾರ್ಟ್‌ವೇವ್‌ನಲ್ಲಿ ತುಂಬಾ ಗಲಾಟೆ ಎಬ್ಬಿಸುತ್ತವೆ. ಬ್ಯಾಟರಿ ಸೆಟ್ ಒಂದನ್ನು ಹಿಡಿದು, ಮೇನ್ ಸ್ವಿಚ್ ಆಫ್ ಮಾಡಿ ಕೇಳಿ, ವ್ಯತ್ಯಾಸ ಗೊತ್ತಾಗುತ್ತದೆ. ಹಗಲಲ್ಲಿ 19, 16 ಮೀಟರ್, ರಾತ್ರಿ 49, 41 ಮೀಟರ್ ಬ್ಯಾಂಡ್‌ಗಳಲ್ಲಿ ಹುಡುಕಿ. ಮೊದಲಿದ್ದ ಎಷ್ಟೋ ಸ್ಟೇಷನ್ ಈಗ ಇಲ್ಲವೇ ಇಲ್ಲ ಅನ್ನುವುದೂ ನೆನಪಿರಲಿ, ರೇಡಿಯೋ ಕೆನಡಾ ಇಂಟರ್‌ನ್ಯಾಷನಲ್ 2012ರಲ್ಲೇ ಶಾರ್ಟ್‌ವೇವ್ ನಿಲ್ಲಿಸಿತು. ಬ್ಯಾಂಡ್ ಸ್ವಿಚ್‌ನ ಕಾಂಟ್ಯಾಕ್ಟ್‌ಗಳಿಗೂ ಸ್ವಲ್ಪವೇ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹಿಂದೆ ಮುಂದೆ ತಿರುಗಿಸಿ, ತುಕ್ಕು ಬಿಡಿಸುವ ಎಣ್ಣೆ ಸುರಿಯಬೇಡಿ.

ಜೀವದ ಮಾತು ಹೇಳದೆ ಬಿಡಲಾರೆ. ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿರಬಹುದು, ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಹಿಡಿದು ಸೊನ್ನೆ ಆಗಿದ್ದನ್ನು ನೋಡಿಯೇ ಕೈ ಹಾಕಬೇಕು. ಯುಸಿಎಚ್, ಯುಎಲ್, ಯುವೈ ಅಂತ ಶುರುವಾಗುವ ವಾಲ್ವ್‌ಗಳಿರುವ ಎಸಿ-ಡಿಸಿ ಸೆಟ್ ಆಗಿದ್ದರೆ ಷಾಸಿಯಲ್ಲೇ ಮೇನ್ಸ್ ಕರೆಂಟ್ ಇರಬಹುದು. ರಿಸೆಪ್ಷನ್ ಚೆನ್ನಾಗಲಿ ಅಂತ ಅಂಥ ಷಾಸಿಗೆ ಅರ್ತ್ ತಂತಿ ಕಟ್ಟಲೇಬೇಡಿ. ಇದರಲ್ಲಿ ಅನುಭವ ಇಲ್ಲದವರು ಮುಚ್ಚಳ ತೆಗೆಯದಿರುವುದೇ ಒಳ್ಳೆಯದು.

ರಿಪೇರಿಗೆ ಕೊಡುವುದಾದರೆ ಒಳಗಿನ ಫೋಟೋ ತೆಗೆದಿಡಿ, ವಾಲ್ವ್‌ಗಳ ಮೇಲಿನ ಗುರುತು ಕಾಣುವ ಹಾಗೆ. ತೆಗೆದ ಒಂದೊಂದು ಪಾರ್ಟೂ ವಾಪಸ್ ಬೇಕು ಅಂತ ಮೊದಲೇ ಹೇಳಿ. ನಿಮ್ಮಲ್ಲಿ ಸಿಗ್ನಲ್ ಜನರೇಟರ್ ಇದೆಯಾ ಅಂತ ಕೇಳಿ, ಇಲ್ಲ ಅಂದರೆ ಸೆಟ್ ಎತ್ತಿಕೊಂಡು ಬನ್ನಿ. ಈಗಾಗಲೇ ಯಾರೋ ಕೋರ್ ತಿರುಗಿಸಿಬಿಟ್ಟಿದ್ದರೆ ಅಂದಾಜಿನ ಮೇಲೆ ಅದನ್ನು ಹಿಂದಕ್ಕೆ ತಿರುಗಿಸಲು ಹೋಗಬೇಡಿ, ಹೇಗಿದೆಯೋ ಹಾಗೇ ಬಿಟ್ಟು, ಮೊದಲು ವೋಲ್ಟೇಜ್‌ಗಳನ್ನು ಸರಿ ಮಾಡಿಸಿ.