ಕೋಥ್ರೂಡಿನಾಗ ಮಗಳ ಈಕ್ಯೂ ಟೆಸ್ಟು: ಮೇಡಂ ಛೊಲೊ, ರಿಪೋರ್ಟ್ ಅಷ್ಟಕ್ಕಷ್ಟ

ಮಗಳು ಒಂಬತ್ತನೇತ್ತಾ. ಸಾಲ್ಯಾಗ ಸುಮ್ಮನ ಇರ್ತಾಳ, ಯಾರ ಜೋಡಿನೂ ಜಾಸ್ತಿ ಬೆರಿಯಂಗಿಲ್ಲ ಅಂತ ಟೀಚರ್ ಅಂದದ್ದಕ್ಕ ನಮ್ಮಾಕಿ ಗಾಬರಿ ಆಗಿ, ಸೊಸೈಟಿಯವರು ಯಾರೋ ಹೇಳಿದ್ರು ಅಂತ ಪುಣೆದಾಗ ಕೋಥ್ರೂಡಿನ ಒಂದು ಕೌನ್ಸೆಲಿಂಗ್ ಸೆಂಟರಿಗೆ ಈಕ್ಯೂ ಟೆಸ್ಟ್ ಮಾಡಸ್ಲಿಕ್ಕೆ ಹೋದ್ವಿ. ಈಕ್ಯೂ ಅಂದ್ರ ಇಮೋಶನಲ್ ಇಂಟೆಲಿಜೆನ್ಸ್, ತಮ್ಮ ಮತ್ತ ಇನ್ನೊಬ್ಬರ ಭಾವನಾ ಎಷ್ಟು ತಿಳ್ಕೋತಾರ ಅನ್ನೂದರ ಅಳತಿ. 3,500 ರೂಪಾಯಿ. ಹೆಸರು ಬರಿಯಂಗಿಲ್ಲ, ಅಲ್ಲಿಯ ಮೇಡಂ ಒಳ್ಳೆಯವರು, ಸುಮ್ಮನ ಅವರಿಗೆ ತ್ರಾಸ ಯಾಕ.

ಟೆಸ್ಟ್ ಅಂದ್ರ 60 ವಾಕ್ಯ ಇರೋ ಫಾರ್ಮ್, ಒಂದೊಂದಕ್ಕೂ ನಾಲ್ಕು ಆಪ್ಶನ್, ನನಗ ಹೊಂದೂದೇ ಇಲ್ಲ ಅನ್ನೂದರಿಂದ ಹಿಡದು ಭಾಳ ಹೊಂದ್ತದ ಅನ್ನೂತನಕ. ಎಲ್ಲಾ ಇಂಗ್ಲಿಷ್. ನಮ್ಮ ಹುಡುಗಿಗೆ ಮನ್ಯಾಗ ಕನ್ನಡ, ಗೆಳತ್ಯಾರ ಜೋಡಿ ಮರಾಠಿ, ಇಂಗ್ಲಿಷ್ ಅನ್ನೂದು ಬರೇ ಪರೀಕ್ಷಾಕ್ಕ. ಅರ್ಧಕ್ಕ ಎದ್ದು ಬಂದು "ಅಪ್ಪಾ, ಸ್ಯಾಡ್ ಬ್ಯಾರೆ, ಬೋರ್ ಬ್ಯಾರೆ, ಹರ್ಟ್ ಬ್ಯಾರೆ ಕೇಳ್ಯಾರ, ಎಲ್ಲಾ ಬ್ಯಾಸರನ ಅಲ್ಲ?" ಅಂದ್ಲು. ಖರೇ ಹೇಳ್ತೀನಿ, ನನಗೂ ಉತ್ತರ ಹೊಳೀಲಿಲ್ಲ. ಕೆಲಸ ಇಲ್ಲದ ಕೂತ್ರೂ ಬ್ಯಾಸರ, ಗೆಳತಿ ಮಾತು ಬಿಟ್ರೂ ಬ್ಯಾಸರ, ಅಜ್ಜಿ ಊರಿಗೆ ಹೊಂಟ್ರೂ ಬ್ಯಾಸರ. ಇನ್ನ ಮರಾಠಿಯೊಳಗ ರಾಗ ಅಂದ್ರ ಸಿಟ್ಟು, ನಮಗ ರಾಗ ಅಂದ್ರ ಭೀಮಸೇನ ಜೋಶಿ!

ವಾರದ ಮ್ಯಾಲೆ ರಿಪೋರ್ಟ್ ಬಂತು, ಬಣ್ಣಬಣ್ಣದ 14 ಪಾನು. ಒಟ್ಟು 88, ಬಾಜೂಕ ಕೆಂಪು ಅಕ್ಷರದಾಗ ಸುಧಾರಣೆ ಬೇಕು ಅಂತ. ಕೊನೀ ಪಾನಿನ್ಯಾಗ ಮಾತ್ರ ಸಣ್ಣ ಅಕ್ಷರದಾಗ ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ನಂಬರ್ ಎಷ್ಟು ಆಚೀಚೆ ಹರಡ್ಯಾವ ಅನ್ನೂದು) 15 ಅಂತ ಅದ. ಅಂದ್ರ 85ರಿಂದ 115ರ ನಡುವ ನೂರಕ್ಕ ಸುಮಾರು 68 ಮಕ್ಕಳು ಬರ್ತಾರ, 88 ಅದರಾಗ ಬಂತಲ್ಲ, ಮತ್ತ ಕೆಂಪು ಯಾಕ? ಈ ನೂರು ಎಲ್ಲಿಯ ಮಕ್ಕಳದು ಅಂತ ಕೇಳಿದ್ರ ರಿಸೆಪ್ಶನ್‌ದಾಂವಗ ಗೊತ್ತಿಲ್ಲ. ಮೇಡಂ ಮ್ಯಾನ್ಯುಅಲ್ ತಗದು ನೋಡಿ ಅಮೆರಿಕ, ಕೆನಡಾದ ಮಕ್ಕಳದು ಅಂದ್ರು.

ಎಲ್ಲಕ್ಕಿಂತ ಕಡಿಮಿ ಬಂದದ್ದು ಇನ್ನೊಬ್ಬರ ಭಾವನಾ ತಿಳ್ಕೊಳ್ಳೂದ್ರಾಗ. ಹೋದ ವರ್ಷ ಗದಗಿನ್ಯಾಗ ನಮ್ಮ ಅವ್ವನ ತಂಗಿ ತೀರ್ಕೊಂಡಾಗ ಇದೇ ಹುಡುಗಿ ಒಂದು ಮಾತೂ ಆಡದ, ಎಣ್ಣಿ ಬಟ್ಲಾ ತಂದು ಅಜ್ಜಿ ಹಿಂದ ಕೂತು ಅರ್ಧ ತಾಸು ತಲಿಗೆ ಎಣ್ಣಿ ತಿಕ್ಕಿದ್ಲು. ಫಾರ್ಮಿನ್ಯಾಗ ಕೇಳಿದ್ದೆಲ್ಲಾ ಬಾಯಿಬಿಟ್ಟು ಹೇಳ್ತೀಯೋ ಇಲ್ಲೋ ಅಂತ, ಈಕಿ ಇಲ್ಲ ಅಂತ ಟಿಕ್ ಹೊಡದಾಳ.

ಮೇಡಂ ಮಾತ್ರ ಕೂಡ್ಸಿ ಬಿಡಿಸಿ ಹೇಳಿದ್ರು. ಸ್ಯಾಲೊವೆ, ಮೇಯರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1990ರಾಗ ಈ ಇಮೋಶನಲ್ ಇಂಟೆಲಿಜೆನ್ಸಿಗೆ ವ್ಯಾಖ್ಯಾ ಕೊಟ್ಟದ್ದು, 1995ರಾಗ ಗೋಲ್‌ಮನ್ ಪುಸ್ತಕ ಬಂದ ಮ್ಯಾಲೆ ಅದು ಎಲ್ಲಾ ಕಡೆ ಹಬ್ಬಿದ್ದು. ಟೆಸ್ಟಿನ್ಯಾಗೂ ಎರಡು ಜಾತಿ ಅವ, ಒಂದು ಹಿಂಗ ತಮ್ಮ ಬಗ್ಗೆ ತಾವ ಟಿಕ್ ಮಾಡೂದು, ಇನ್ನೊಂದು ಮುಖದ ಫೋಟೋ ತೋರ್ಸಿ ಇದರಾಗ ಯಾವ ಭಾವನಾ ಎಷ್ಟದ ಅಂತ ಕೇಳೂದು, ಒಬ್ಬರಿಗೇ ಎರಡೂ ಕೊಟ್ರ ನಂಬರ್ ಅಷ್ಟೇನೂ ತಾಳಿ ಬೀಳಂಗಿಲ್ಲಂತ. ಬ್ಯಾರೆ ಭಾಷಾಕ್ಕ ತರೂದಿದ್ರ ಅನುವಾದ ಮಾಡಿದ್ದನ್ನ ಇನ್ನೊಬ್ಬರು ಮೂಲ ನೋಡದ ವಾಪಸ್ ಇಂಗ್ಲಿಷಿಗೆ ಮಾಡಿ ನೋಡ್ಬೇಕು, ಆಮ್ಯಾಲೆ ಎರಡೂ ಕಡೆ ಮಕ್ಕಳು ಪ್ರಶ್ನಿ ಒಂದೇ ರೀತಿ ತಿಳ್ಕೊಂಡಾರೋ ಇಲ್ಲೋ ಅಂತ ಲೆಕ್ಕಾ ಹಾಕ್ಬೇಕು, ಅದಾಗದ ಈ ದೇಶದವರಿಗೆ ಹೆಚ್ಚು ಆ ದೇಶದವರಿಗೆ ಕಡಿಮಿ ಅನ್ಲಿಕ್ಕೆ ಬರಂಗಿಲ್ಲ. ಇಷ್ಟೆಲ್ಲಾ ಗೊತ್ತಿದ್ದು ಕೆಂಪು ಅಕ್ಷರ ಯಾಕ ಹಾಕ್ತೀರಿ ಅಂದ್ರ "ಸಾಫ್ಟ್‌ವೇರ್ ಹಂಗ ಪ್ರಿಂಟ್ ಮಾಡ್ತದ್ರಿ" ಅಂದ್ರು.

ಮೇಡಂಗೆ ನಾಲ್ಕು ಸ್ಟಾರ್, ರಿಪೋರ್ಟಿಗೆ ಒಂದು, ಅದೂ ಕಾಗದ ದಪ್ಪ ಅದ ಅಂತ. ಇಂಥ ಸೆಂಟರಿಗೆ ಹೋಗೂದಿದ್ರ ಬರೇ ಕೌನ್ಸೆಲಿಂಗ್ ತಗೋರಿ, ನಾವು ಹೋದಲ್ಲೆ ಅದು 1,200ಕ್ಕ ಆಗ್ತಿತ್ತು, ಟೆಸ್ಟ್ ಬೇಕಂದ್ರ ರೊಕ್ಕಾ ಕೊಡೂಕಿಂತ ಮೊದಲ ಯಾವ ಮಕ್ಕಳ ಜೋಡಿ ಹೋಲಸ್ತೀರಿ ಅಂತ ಕೇಳ್ರಿ. ಪಾರ್ಕಿಂಗ್ ಇಲ್ಲ, ಆನಂದನಗರ ಮೆಟ್ರೋ ಇಳದು ನಡಕೋತ ಹೋದ್ರ ಛೊಲೊ.