ಹೊರಗಿಡೋ ಸೌದೆ ಬಾಯ್ಲರ್: ನಾಲ್ಕು ಮಳೆಗಾಲ ಓಡಿಸಿದ ಮೇಲೆ

ನಮ್ದು ಮೂಡಿಗೆರೆ ಕಡೆ, ತೋಟದ ಮಧ್ಯ ಹೆಂಚಿನ ಮನೆ. ಆರಿದ್ರಾ ಹಿಡಿದ್ರೆ ಆಶ್ಲೇಷ ಮುಗಿಯೋ ತನಕ ಬಿಸಿಲಿನ ಮುಖ ಕಾಣಲ್ಲ, ಕರೆಂಟ್ ಹೋದ್ರೆ ಮೂರು ದಿನ, ಹಂಗಾಗಿ ಸೋಲಾರು ಗೀಸರು ಎರಡೂ ನಮಗೆ ಬೇಸಿಗೆ ಸಾಮಾನಷ್ಟೆ. ಬಚ್ಚಲ ಹಂಡೆ ಒಲೆ ಹೊಗೆಗೆ ಅಮ್ಮಂಗೆ ಕೆಮ್ಮು ಜಾಸ್ತಿ ಆಯ್ತು ಅಂತ 2021ರಲ್ಲಿ 200 ಲೀಟರಿನ ಈ ಬಾಯ್ಲರ್ ತಂದ್ವಿ, ಒಂದು ಪೈಪ್ ಬಚ್ಚಲಿಗೆ, ಇನ್ನೊಂದು ಸುತ್ತು ರೂಮು ಬೆಚ್ಚಗಿರ್ಲಿ ಅಂತ ಅಮ್ಮನ ರೂಮಿನ ಗೋಡೆಗೆ. ಬಾಯ್ಲರ್ ಇಟ್ಟಿರೋ ಅಂಗಳ ತಗ್ಗಲ್ಲಿರೋದ್ರಿಂದ ಪಂಪ್ ಬೇಕಾಗಿಲ್ಲ, ಬಿಸಿನೀರು ತಾನೇ ಮೇಲೆ ಹತ್ತತ್ತೆ, ತಣ್ಣಗಾಗಿದ್ದು ಇಳಿಯತ್ತೆ.

ಮೊದಲ ವರ್ಷ ಬಚ್ಚಲಿಗೆ ಹತ್ರ ಅಂತ ಪಡುಗಡೆ ಇಟ್ವಿ. ಮಳೆಗಾಲದ ಗಾಳಿ ಬೀಸೋದೇ ಪಡುವಲಿಂದ ಕಣ್ರಿ, ಹೊಗೆಯೆಲ್ಲ ಹೆಂಚಿನ ಸಂದೀಲಿ ನುಗ್ಗಿ ಅಟ್ಟದ ತುಂಬ ಇಲ್ಲಣ. ಮುಂದಿನ ಬೇಸಿಗೇಲಿ ಮೂಡುಗಡೆಗೆ ಎತ್ತಿಟ್ಟು ಚಿಮಣಿ ಸೂರಿಗಿಂತ ಎತ್ತರ ಮಾಡಿಸಿದ್ವಿ, ಪೈಪಿನ ಖರ್ಚು ಎರಡೆರಡು ಸಲ.

ಯಾವ ಬಾಯ್ಲರ್ ಅಂತ ಎಲ್ರೂ ಕೇಳ್ತಾರೆ, ಸೌದೆ ಎಂಥದು ಅಂತ ಯಾರೂ ಕೇಳಲ್ಲ. ಹಸಿ ಮರದ ತೂಕದಲ್ಲಿ ಹತ್ತಿರತ್ತಿರ ಅರ್ಧ ನೀರೇ, ಬೆಂಕಿ ಮೊದ್ಲು ಅದನ್ನ ಕುದಿಸ್ಬೇಕು, ಆಮೇಲೆ ನಮ್ಮ ಸ್ನಾನದ ನೀರು. ಮರಗಸಿಲಿ, ಅಂದ್ರೆ ತೋಟದ ನೆರಳಿನ ಮರ ಸವರುವಾಗ, ಕಡಿದ ಸಿಲ್ವರ್ ಓಕ್ ಕೊಂಬೆನ ಮೇನಲ್ಲಿ ತುಂಡು ಹೊಡೆದು ಜೂನಿಗೇ ಹಾಕಿದ್ವಿ, ತುದೀಲಿ ಬುಸ್ಸಂತ ನೊರೆ, ಚಿಮಣಿ ಒಳಗೆ ಟಾರಿನ ಥರ ಕರೀ ಅಂಟು, ಅದು ಹತ್ಕಂಡ್ರೆ ಚಿಮಣಿಗೇ ಬೆಂಕಿ. ಈಗ ಒಂದು ವರ್ಷ ಮುಂಚೆನೇ ಸೀಳಿ ಶೀಟಿನ ಕೆಳಗೆ ಒಟ್ಟಿಡ್ತೀವಿ. ಒಣಗಿದ್ರೂ ಸಿಲ್ವರ್ ಓಕ್ ಬೇಗ ಉರಿದು ಮುಗಿಯತ್ತೆ, ಕೆಂಡ ನಿಲ್ಲಲ್ಲ. ಕಿತ್ತ ಹಳೇ ಕಾಫಿ ಬೊಡ್ಡೆ ರಾತ್ರಿ ಎರಡಿಟ್ರೆ ಬೆಳಗ್ಗೆ ಬೂದಿ ಕೆದಕಿದ್ರೂ ಕೆಂಡ ಸಿಗತ್ತೆ. 200 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾಯಕ್ಕೆ ಕರೆಂಟಾದ್ರೆ 9 ಯೂನಿಟ್ ಮೇಲೆ ಬೇಕು, ನಮಗೆ ಒಣ ಸೌದೆ ಎಂಟೊಂಬತ್ತು ಕೆಜಿ.

ಒಳಗಿನ ಟ್ಯಾಂಕು ಮಾಮೂಲಿ ಕಬ್ಬಿಣ, ಮೂರನೇ ಮಳೆಗಾಲಕ್ಕೆ ತಳ ತೂತು. ಬೇಸಿಗೇಲಿ ಬೂದಿ ತೆಗೀದೆ ಬಿಟ್ಟಿದ್ವಿ, ಬೂದಿ ಥಂಡಿ ಎಳ್ಕಂಡು ತುಕ್ಕು ಹಿಡಿಸಿತ್ತು. ಮಾರಿದೋನು ಫೋನೇ ಎತ್ತಲ್ಲ, ವೆಲ್ಡಿಂಗ್ ಮಾಡಿಸ್ಕಂಡು ಓಡಿಸ್ತಿದೀವಿ. ತಗಳೋರು ಸ್ಟೀಲಿಂದೇ ಕೇಳಿ. ಇನ್ನೊಂದು, ಆವಿ ಹೋಗೋ ಪೈಪಿಗೆ ನೀರು ಚೆಲ್ಲತ್ತೆ ಅಂತ ಪ್ಲಂಬರ್ ವಾಲ್ವ್ ಹಾಕಿ ಹೋಗಿದ್ದ, ಒಂದಿನ ಡ್ರಮ್ಮೇ ಗಡಗಡ ಅಲ್ಲಾಡ್ತು, ಅವತ್ತೇ ಕಿತ್ತೆಸೆದ್ವಿ. ಆ ಪೈಪ್ ಯಾವತ್ತೂ ಬಾಯಿ ತೆಕ್ಕಂಡೇ ಇರ್ಬೇಕು, ಮುಚ್ಚಿದ್ರೆ ಬಾಂಬು.

ರೂಮು ಬೆಚ್ಚಗಾಯ್ತಾ ಅಂದ್ರೆ, ಹೆಂಚಿನ ಮನೇಲಿ ಕಾವೆಲ್ಲ ಮೇಲಕ್ಕೇ ಹೋಗ್ತಿತ್ತು, ಹಲಗೆ ಸೀಲಿಂಗ್ ಹೊಡೆಸಿದ ಮೇಲೆ ಪರವಾಗಿಲ್ಲ. ಕಂಬಳಿ ಬೂಷ್ಟು ಹಿಡಿಯೋದು ನಿಂತೈತೆ, ಪೈಪ್ ಮೇಲೆ ಹರವಿದ ಬಟ್ಟೆ ಬೆಳಗ್ಗೆಗೆ ಒಣಗಿರತ್ತೆ. ಅಮ್ಮ ಮಾತ್ರ ಇಷ್ಟೆಲ್ಲ ಮಾಡಿಸಿದ್ರೂ ಸಂಜೆ ಹೊರಗೆ ಬಾಯ್ಲರ್ ಬಾಯಿ ಮುಂದೆನೇ ಮಣೆ ಹಾಕ್ಕಂಡು ಹಲಸಿನ ಬೀಜ ಸುಡ್ತಾ ಕೂತಿರ್ತಾಳೆ.